ಬೆನ್ನು ಕೊಡುವುದು

ಮದುವೆ ಮೆರವಣಿಗೆಯವರು ಮಾರಿ ಹೋದ ಕುದುರೆ.
ಲಾರಿಯಿಂದ ಇಳಿಸುವಾಗಲೇ ಒಂದು ಹಲಗೆ ಮುರಿದಿತ್ತು.
ಹಣೆಯ ಮೇಲೆ ಇನ್ನೂ ಅಂಟಿಕೊಂಡಿದ್ದವು
ಯಾರದೋ ಸಂಭ್ರಮದ ಎರಡು ಚಮಕಿ.

"ಎದುರು ನಿಲ್ಲಬೇಡ ಮಾರಾಯ," ಅಂದರು ಇದಿನಬ್ಬ,
"ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹುಲಿಯ ಕೆಲಸ.
ಬೆನ್ನು ಹಾಕಿ ಕೂತುಕೋ. ಅಷ್ಟೇ. ಸಂಬಳ ಅದಕ್ಕೇ."

ಕೂತೆ. ತಣ್ಣೀರುಬಾವಿಯ ಗಾಳಿಮರದ ಕೆಳಗೆ,
ಮಗುಚಿದ ಬಾಲ್ದಿಯ ಮೇಲೆ, ಮೂರು ದಿನ.
ಹಿಂದೆ, ಹಗ್ಗದಷ್ಟು ದೂರದಲ್ಲಿ, ಒಂದು ಉಸಿರು
ಬರುತ್ತಿತ್ತು, ನಿಲ್ಲುತ್ತಿತ್ತು.
ನನಗೂ ಹೆದರಿಕೆಯೇ, ಸುಳ್ಳು ಯಾಕೆ,
ಕುತ್ತಿಗೆಯ ಹಿಂಭಾಗಕ್ಕೆ ಕಣ್ಣಿಲ್ಲ ನೋಡಿ.

ಅದು ಬೆಚ್ಚುವುದಕ್ಕೆ ಲೆಕ್ಕವಿರಲಿಲ್ಲ:
ನೀಲಿ ಟಾರ್ಪಾಲು. ಒಣಗಲು ಹಾಕಿದ ಬಲೆ.
ಸುಲ್ತಾನ್ ಬತ್ತೇರಿಯಿಂದ ದಾಟಿ ಬರುವ ದೋಣಿಯ ಇಂಜಿನ್ನು.
ಬಂದರಿನಲ್ಲಿ ಹಡಗು ಕೂಗಿದರಂತೂ
ಗೂಟವೇ ಕಿತ್ತು ಬರಬೇಕು.
ಬ್ಯಾಂಡು, ಗರ್ನಾಲು, ಜನರೇಟರು, ಎಲ್ಲ
ಅದರ ಮೈಯೊಳಗೆ ಇನ್ನೂ ನಡೆಯುತ್ತಲೇ ಇದ್ದವು,
ಮದುಮಗ ಇಳಿದು ಹೋಗಿ ವರ್ಷವಾದರೂ.

ನಾಲ್ಕನೆಯ ದಿನ ಬೇಸರಕ್ಕೆ
ಹುರುಳಿ ಕಟ್ಟಿದ ಹಳೇ ಪೇಪರು ಬಿಡಿಸಿ ಗಟ್ಟಿಯಾಗಿ ಓದಿದೆ:
ಬಂಗುಡೆ ದರ, ಬೂತಾಯಿ ದರ, ಶ್ರದ್ಧಾಂಜಲಿ,
ಕೂಳೂರು ಸೇತುವೆಯಲ್ಲಿ ವಾಹನ ಸಂಚಾರ ಅಸ್ತವ್ಯಸ್ತ.
ಓದುತ್ತಿದ್ದ ಹಾಗೆ ಮರಳು ಸರಿಯಿತು.
ಇನ್ನೊಮ್ಮೆ ಸರಿಯಿತು.
ಹೆಗಲಿಗೆ ತಾಗಿತು: ಒದ್ದೆ, ಬಿಸಿ, ನಾಲ್ಕೈದು ಒರಟು ಮೀಸೆ.
ತಿರುಗಲಿಲ್ಲ ನಾನು.
ಅದೇ ಶ್ರದ್ಧಾಂಜಲಿಯನ್ನು ಮತ್ತೆ ಓದಿದೆ,
ಕೈ ಮಾತ್ರ ನಡುಗಿ ಅಕ್ಷರ ಎರಡೆರಡಾದವು.

ಆಮೇಲಿನದು ಬೇಗ ಆಯಿತು ಅನ್ನಬೇಡಿ.
ಟಾರ್ಪಾಲಿನ ಮೇಲೆ ಬೆಲ್ಲ ಇಟ್ಟು ಎರಡು ವಾರ.
ಗೋಣಿಚೀಲ ಬೆನ್ನ ಮೇಲೆ ಹಾಕಿ, ತೆಗೆದು, ಹಾಕಿ.
ಹಡಗು ಕೂಗಿದರೆ ಈಗ ಓಡುವುದಿಲ್ಲ;
ಒಂದು ಕಿವಿ ಕಡಲ ಕಡೆ, ಒಂದು ಕಿವಿ ನನ್ನ ಕಡೆ.
ನಾನು ಸುಮ್ಮನಿದ್ದರೆ ಅದೂ ಸುಮ್ಮನೆ.

ಇದಿನಬ್ಬರು ಖುಷಿಯಲ್ಲಿ ಜೀನಿಗೆ ಎಣ್ಣೆ ಹಚ್ಚುತ್ತಿದ್ದಾರೆ.
ಒಂದು ರೌಂಡಿಗೆ ನೂರು ರೂಪಾಯಿ, ಫೋಟೋಕ್ಕೆ ಬೇರೆ.
ನಾಳೆ ಆದಿತ್ಯವಾರ.
ಬಲೂನು ಹಿಡಿದ ಮಕ್ಕಳು ಬರುತ್ತಾರೆ, ಗೊತ್ತುಂಟು ನನಗೆ;
ಬಲೂನಿನ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡಿಲ್ಲ.

ಮೂರು ದಿನ ನಾನು ಬೆನ್ನು ಕೊಟ್ಟು ಕೂತಿದ್ದೆ ಅದಕ್ಕೆ.
ಈಗ ಅದು ಕೊಟ್ಟಿದೆ ತನ್ನದನ್ನು.
ಕತ್ತಲಲ್ಲಿ ಮೂತಿ ತಂದು ಅಂಗಿಯ ಜೇಬು ಮೂಸುತ್ತದೆ,
ಬೆಲ್ಲ ಉಂಟಾ ಎಂದು, ಅಥವಾ
ಪೇಪರು ಉಂಟಾ ಎಂದು.