ಆರಿಸುವ ಕೆಲಸ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಹತ್ತೊಂಬತ್ತು ವರ್ಷದಿಂದ ಆರಿಸುವುದೇ ನನ್ನ ಕೆಲಸ:
ಕಪ್ಪು ಬೀಜ, ಒಡಕು, ಹುಳ ಹಿಡಿದದ್ದು.
ಒಂದು ಉಳಿದರೂ ಲೋಟವೆಲ್ಲ ಕೆಟ್ಟಿತು,
ಅನ್ನುತ್ತಾನೆ ಮೇಸ್ತ್ರಿ.

ಇವತ್ತು ರಜೆ.
ಉಪ್ಪಳ್ಳಿ ಶಾಲೆಯ ಸಾಲಿನಲ್ಲಿ
ಮುಂದೆ ಜುಲೇಕಾಬಿ, ಹಿಂದೆ ನಾನು.
"ಹೋದ ಸಲ ಆರಿಸಿದ್ದೂ ಹುಳುಕಾಯ್ತಲ್ಲೇ?"
"ಹುಳುಕು ಬಂತೂಂತ ಮೊರ ಎಸೀತೀವಾ?"

ಒಳಗೆ ರಟ್ಟಿನ ಮರೆ. ಹದಿನಾಲ್ಕು ಹೆಸರು.
ಬೀಜವನ್ನು ಬೆಳಕಿಗೆ ಹಿಡಿದ ಹಾಗೆ
ಒಂದೊಂದನ್ನೂ ನೋಡಿದೆ.
ಯಾರೋ ಕೆಮ್ಮಿದರು, ಬೇಗ ಬೇಗ ಅಂತ.
ನೋಡುತ್ತಲೇ ಇದ್ದೆ.

ಉದ್ದಕ್ಕೆ ಬೀಪ್ ಅಂತು.

ನಮ್ಮ ಬೀದಿ ನಲ್ಲಿಗೆ ಇನ್ನೂ ಎಂಟು ದಿನಕ್ಕೊಮ್ಮೆ ನೀರು.
ನಾಳೆ ಬೆಲ್ಟಿನ ಮುಂದೆ ಮೇಸ್ತ್ರಿ ಗದರುತ್ತಾನೆ,
ಬೆರಳು ತೊಳ್ಕೊಂಡು ಬಾರೇ ಅಂತ.
ಹೋಗಲ್ಲ ಸ್ವಾಮಿ, ಅನ್ನುತ್ತೇನೆ,
ಉಗುರು ಬೆಳೀಬೇಕು.