ಕಿರುಬೆರಳು

ಸಂಜೆ ಏಳರ ಮೇಲೆ ಬರುತ್ತಾರೆ ಡಾಕ್ಟರುಗಳು
ಆಸ್ಪತ್ರೆ ಎದುರಿನ ನನ್ನ ಜೆರಾಕ್ಸ್ ಅಂಗಡಿಗೆ,
ಕೊರಳಲ್ಲಿ ಸ್ಟೆತಾಸ್ಕೋಪು ಇರುವುದನ್ನೇ ಮರೆತು.
ಹಾಸ್ಟೆಲಿನ ನೆಟ್ಟು ಕೈಕೊಟ್ಟಿತು ಅನ್ನುತ್ತಾರೆ.
ನನಗೆ ಗೊತ್ತು: ಒಬ್ಬರೇ ಕೂತು ಒತ್ತಲು ಹೆದರಿಕೆ.

ನಾನು ಮೆಹರುನ್ನೀಸಾ.
ಪಹಣಿ, ರೇಷನ್ ಕಾರ್ಡು, ಹುಟ್ಟಿದವರ ಸರ್ಟಿಫಿಕೇಟು, ಸತ್ತವರದು,
ಎಲ್ಲಕ್ಕೂ ಒಂದೇ ಪ್ರಿಂಟರು, ಒಂದೇ ಶಾಯಿ.
ಎಡಗೈಯ ಕೊನೆಯ ಎರಡು ಬೆರಳು
ಅಂಗೈಯೊಳಗೆ ಮುದುಡಿ ಮಲಗಿ ಮೂವತ್ತು ವರ್ಷ.
ಆದರೂ ಮಡಚಿದ ಗೆಣ್ಣಿಗೆ ಒಂದು ಕೆಲಸ ಕೊಟ್ಟಿದ್ದೇನೆ:
ಶಿಫ್ಟ್ ಒತ್ತುವುದು.
ದೊಡ್ಡಕ್ಷರಗಳೆಲ್ಲ ಅದರ ಪುಣ್ಯ.

ಆವತ್ತು ಬಂದವಳು ಡಾ. ಸಿಂಚನಾ, ಬೆಳ್ಳೂಡಿ ಕಡೆಯವಳು,
ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿದ ಕಣ್ಣು.
ಮಾತ್ರೆ ಡಬ್ಬದ ರಟ್ಟು ಹರಿದು ಅದರ ಹಿಂದೆ ಬರೆದಿದ್ದಳು
ಹದಿನಾಲ್ಕು ಆಯ್ಕೆ, ಕ್ರಮವಾಗಿ.
ಜನರಲ್ ಸರ್ಜರಿ ಮುಗಿದಿದೆ, ಇನ್ನು ಅದರ ಮೇಲಿನ ಓದು.
"ಲಾಕ್ ಮಾಡಿದ ಮೇಲೆ ಬದಲಿಸೋಕೆ ಬರಲ್ಲ, ಅಲ್ವಾ ಅಕ್ಕಾ?"
ಬರಲ್ಲ ಅಂದೆ.

ನಾನು ಎಲ್ಲರಿಗೂ ಓದಿ ಹೇಳುತ್ತೇನೆ, ರೂಢಿ.
ಒಂದು, ಯುರಾಲಜಿ. ಎರಡು, ಯುರಾಲಜಿ, ಊರು ಬೇರೆ.
ಮೂರು, ಹೊಟ್ಟೆಯದು. ನಾಲ್ಕು...
"ನಾಲ್ಕು ಬೇಡ. ಅದನ್ನ ಒಂಬತ್ತಕ್ಕೆ ಹಾಕಿ."
ಹಾಕಿದೆ. ಪ್ಲಾಸ್ಟಿಕ್ ಸರ್ಜರಿ ಅಂತ ಇತ್ತು.
"ಅಲ್ಲ, ಆರಕ್ಕೆ."
ತಂದೆ ಫೋನು ಮಾಡಿದರು. ಕೇಳಿಸುವಷ್ಟು ಜೋರು:
ಮೂತ್ರದ ಕಲ್ಲು ಯಾವ ಕಾಲಕ್ಕೂ ಇರ್ತಾವೆ, ಮಗಳೇ.
"ಒಂಬತ್ತೇ ಇರಲಿ" ಅಂದಳು.

ಪಾಸ್‌ವರ್ಡು ಅವಳು ಹೇಳಿದಳು, ನಾನು ಹೊಡೆದೆ.
ಮೊದಲಕ್ಷರ ದೊಡ್ಡದು. ಗೆಣ್ಣು ಶಿಫ್ಟಿಗೆ ಹೋಯಿತು.
ಲಾಕ್.

ಚಿಲ್ಲರೆ ಕೊಡುವಾಗ ನೋಡಿದಳು.
ನಲವತ್ತು ರೂಪಾಯಿ ಹಾಗೇ ಬಿಟ್ಟು ಕೈಯನ್ನೇ ಹಿಡಿದಳು,
ತರಕಾರಿ ಆರಿಸುವವರ ಹಾಗೆ ತಿರುವಿ, ಬೆಳಕಿಗೆ ಹಿಡಿದು.
"ಎಣ್ಣೆನಾ?"
ಮರಳು, ಅಂದೆ. ಮಂಡಕ್ಕಿ ಭಟ್ಟಿಯದು.
ಆರು ವರ್ಷ ನನಗೆ. ಅಬ್ಬಾ ಹೊಟ್ಟು ತಳ್ಳುತ್ತಿದ್ದರು ಒಲೆಗೆ,
ಬಾಣಲೆಯಲ್ಲಿ ಅಕ್ಕಿ ಮಲ್ಲಿಗೆಯಾಗಿ ಅರಳುತ್ತಿತ್ತು,
ಮೊದಲನೆಯದು ನನಗೇ ಬೇಕಿತ್ತು.

ಅವಳು ನಗಲಿಲ್ಲ. ಕಿರುಬೆರಳ ತುದಿ ಹಿಡಿದು
ಮೆಲ್ಲಗೆ ಎಳೆದಳು, ನೋವಾಗುವ ಕಡೆ ನಿಂತಳು.
"ಚರ್ಮ ಅಷ್ಟೇ ಅಕ್ಕಾ. ಒಳಗೆ ಎಲ್ಲಾ ಸರಿ ಇದೆ.
ಬಿಡಿಸಬಹುದು. ಈಗಲೂ."
ನಾನಂದೆ, ಬಿಡಿಸಿದರೆ ಶಿಫ್ಟ್ ಯಾರು ಒತ್ತೋದು?

ಹೊರಗೆ ಹೋದವಳು ತಿರುಗಿ ಬಂದಳು.
ಪರದೆ ನೋಡಿದಳು. ನಾನೂ ನೋಡಿದೆ.
ಒಂಬತ್ತು ಒಂಬತ್ತರಲ್ಲೇ ಇತ್ತು, ಬೂದು ಬಣ್ಣದಲ್ಲಿ,
ಬಾಣದ ಗುರುತುಗಳು ಮಾಯವಾಗಿದ್ದವು.
ಇಬ್ಬರೂ ಏನೂ ಮಾತಾಡಲಿಲ್ಲ.
ಮರೆತ ಚಿಲ್ಲರೆ ತೆಗೆದುಕೊಂಡು ಹೋದಳು.

ಫಲಿತಾಂಶ ಬಂತೋ, ಯಾವ ಊರೋ, ನನಗೆ ತಿಳಿಯದು.
ಪಾಸ್‌ವರ್ಡು ಇನ್ನೂ ನೆನಪಿದೆ, ತೆರೆದು ನೋಡಿಲ್ಲ;
ಮೊದಲಕ್ಷರದವರೆಗೆ ಒಮ್ಮೆ ಹೋಗಿ ಬಂದಿದ್ದೇನೆ.

ಭಟ್ಟಿಯವರು ಈಗಲೂ ಬರುತ್ತಾರೆ ಆಧಾರಿಗೆ.
ಸವೆದ, ಸುಟ್ಟ ಬೆರಳು ಗಾಜಿನ ಮೇಲಿಡುತ್ತಾರೆ.
ಯಂತ್ರ ಕೆಂಪಗಾಗಿ, ಮತ್ತೊಮ್ಮೆ ಪ್ರಯತ್ನಿಸಿ ಅನ್ನುತ್ತದೆ.
ಒರೆಸಿ ಇಡ್ರಿ, ಅನ್ನುತ್ತೇನೆ. ಒರೆಸುತ್ತಾರೆ.

ಶಟರು ಎಳೆಯುವ ಮುಂಚೆ, ಯಾರೂ ಇಲ್ಲದಾಗ,
ಅವಳು ಹಿಡಿದಲ್ಲೇ ಹಿಡಿದು ಎಳೆದು ನೋಡುತ್ತೇನೆ.
ನೋವಾಗುವ ಕಡೆ ನಿಲ್ಲುತ್ತೇನೆ.
ನಿನ್ನೆಗಿಂತ ಒಂದು ಕೂದಲೆಳೆ ಹೆಚ್ಚೇ ಬಂತು ಅನ್ನಿಸುತ್ತದೆ.
ಅನ್ನಿಸುತ್ತದೆ, ಅಷ್ಟೇ.