ಕಾವು, ಒತ್ತು, ಹೊತ್ತು

ಬಹ್ರೇನಿನ ಸಲ್ಮಾಬಾದಿನಲ್ಲಿ, ಟಯರು ಅಂಗಡಿಗೂ ಕ್ಷೌರದಂಗಡಿಗೂ ನಡುವೆ
ನಮ್ಮದು ಒಂದೂವರೆ ಬಾಗಿಲು.
ಅರ್ಧದಲ್ಲಿ ಎ.ಸಿ. ಕೂತಿದೆ,
ಉಳಿದದ್ದರಲ್ಲಿ ನಾನು, ಉಸ್ತಾದ್ ಗುಲ್ ಜಮಾನ್,
ಮತ್ತು ಬಾಯಿ ತೆರೆದು ಮುಚ್ಚುವ ಈ ಯಂತ್ರ.

ಉಸ್ತಾದ್ ಕಲಿಸಿದ್ದು ಮೂರೇ ಮಾತು:
ಕಾವು, ಒತ್ತು, ಹೊತ್ತು.
(ಅವನ ಉರ್ದುವಿನಲ್ಲಿ ಪ್ರಾಸವಿರಲಿಲ್ಲ.
ಅದು ನನ್ನ ಕೈವಾಡ.)

ಹತ್ತಿ ಗಟ್ಟಿಗಿತ್ತಿ.
ನೂರ ಅರವತ್ತು ಡಿಗ್ರಿಯಲ್ಲಿ ಹದಿನೈದು ಎಣಿಸುವ ತನಕ
ತುಟಿ ಪಿಟಕ್ ಎನ್ನುವುದಿಲ್ಲ.
ಆದರೆ ಆಗಸ್ಟಿನಲ್ಲಿ ಕಡಲ ಗಾಳಿ ಕುಡಿದಿರುತ್ತದೆ,
ಮೊದಲು ಬರಿ ಬಟ್ಟೆಯನ್ನೇ ಒಮ್ಮೆ ಒತ್ತಿ
ಉಸಿರು ಬಿಡಿಸಬೇಕು.
ಪಾಲಿಯೆಸ್ಟರ್ ಹಾಗಲ್ಲ.
ಕೆಂಪು ಜೆರ್ಸಿಗೆ ಬಿಳಿ ಏಳು ಅಂಟಿಸುವಾಗ
ಕಾವು ತುಸು ಮೀರಿದರೂ
ಅಂಗಡಿ ಬಿಡುವಾಗ ಬಿಳಿಯೇ ಇರುತ್ತದೆ;
ಬೆಳಗಾಗುವಷ್ಟರಲ್ಲಿ ಬಣ್ಣ ಒಳಗಿಂದ ಏರಿ ಬಂದು
ಏಳು ನಾಚಿಕೊಂಡಿರುತ್ತದೆ.
ನೈಲಾನು? ಮುಟ್ಟಿದರೆ ಮುನಿ.

ನನ್ನಜ್ಜ ಇಸ್ತ್ರಿಯವನು.
ಗೆರಟೆ ಕೆಂಡದ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು
ಈಗ ಧೋತರಕ್ಕಾಯಿತು, ರೇಷ್ಮೆಗೆ ತಡಿ, ಅನ್ನುತ್ತಿದ್ದ.
ಇಲ್ಲಿ ಕೆಂಪು ಅಂಕಿ ಹೇಳುತ್ತದೆ.
ಆದರೂ ನನ್ನ ಕೆನ್ನೆ ತಾನಾಗಿ ವಾಲುತ್ತದೆ,
ಉಸ್ತಾದ್ ಬೈಯುತ್ತಾನೆ.

ಅಂಟಿಸುವುದನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಕತ್ತರಿಸಬೇಕು.
ಹಾಗಾಗಿ ನನ್ನ ಮೇಜಿನ ಮೇಲೆ ಅರಬ್ಬಿ
ಎಡದಿಂದ ಬಲಕ್ಕೆ ಬರುತ್ತದೆ, ನಮ್ಮೂರವರ ಹಾಗೆ.
ಗಂಗೊಳ್ಳಿ ಹುಡುಗರ ಕ್ರಿಕೆಟ್ ತಂಡದ ಹೆಸರು
ಬಲದಿಂದ ಎಡಕ್ಕೆ, ಇಲ್ಲೇ ಹುಟ್ಟಿದ ಹಾಗೆ.
ಒತ್ತಿದ ಮೇಲೆ ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಾರೆ.

ಮೊನ್ನೆ ಗುರುವಾರ ಒಬ್ಬ ಫೋರ್ಮನ್
ಮೂವತ್ತೆಂಟು ಕವರಾಲ್ ತಂದು ಸುರಿದ.
ನೀಲಿ. ಒಗೆದಿದ್ದರೂ ಬೆನ್ನಲ್ಲಿ ಉಪ್ಪಿನ ಗೆರೆ.
'ಎಲ್ಲರದೂ ಟ್ರಾನ್ಸ್‌ಫರ್ ಆಯ್ತು' ಎಂದ.
ನಮ್ಮಲ್ಲೂ ಅದೇ ಪದ; ಸರಕು ಬೇರೆ.
ಅವರದು ವೀಸಾ.
ಹಳೇ ಕಂಪನಿ ಮುಳುಗಿತಂತೆ,
ಹೊಸದು ಆಳುಗಳನ್ನು ತೆಗೆದುಕೊಂಡಿತು,
ಬಟ್ಟೆ ಕೊಡಿಸಲಿಲ್ಲ.
ಎಡ ಎದೆಯ ಹೆಸರು ಕೀಳು, ಬಲಕ್ಕೆ ಹೊಸತು ಒತ್ತು,
ಒಂದಕ್ಕೆ ಮುನ್ನೂರು ಫಿಲ್ಸ್.

ಬಿಸಿ ಮಾಡಿ, ಚಿಮಟದಲ್ಲಿ ಅಂಚು ಹಿಡಿದು, ಸುಲಿದೆ.
ಸುಲಿದಲ್ಲೆಲ್ಲ ಅಚ್ಚ ನೀಲಿ.
ಎರಡು ಬೇಸಿಗೆಯ ಬಿಸಿಲು ಸುತ್ತಲಿನದನ್ನೆಲ್ಲ ನೆಕ್ಕಿ
ಆ ಹೆಸರಿನಡಿ ಮಾತ್ರ ಬಿದ್ದಿಲ್ಲ.
ಅಕ್ಷರ ಹೋಗಿದೆ,
ಓದಬಹುದು.

ಸಂಜೆ ಒಬ್ಬ ಬಂದ, ಚಪ್ಪಲಿ ಹೊರಗೆ ಬಿಟ್ಟು.
ನರ್ಸಯ್ಯ, ಸಿರಿಸಿಲ್ಲದ ಕಡೆಯವನು, ಮಗ್ಗದ ಮನೆ.
ರಾಶಿಯಿಂದ ತನ್ನದನ್ನು ಹುಡುಕಿ, ಎರಡು ಬೆರಳಲ್ಲಿ ತಿಕ್ಕಿ,
'ಪಾಲಿಯೆಸ್ಟರ್ ಅರವತ್ತೈದು, ಹತ್ತಿ ಮೂವತ್ತೈದು' ಎಂದ.
ಕಾಲರಿನ ಚೀಟಿ ನೋಡಿದೆ. ಸರಿಯಾಗಿಯೇ ಇತ್ತು.
'ಇದರದ್ದು ಕೀಳಬೇಡ ಅಣ್ಣಾ.
ನನ್ನ ಐದು ತಿಂಗಳ ಸಂಬಳ
ಆ ಹೆಸರಿನ ಹತ್ತಿರ ಇದೆ.'

ಉಸ್ತಾದ್ ನಮಾಜಿಗೆ ಹೋಗಿದ್ದ.
ಅದೇ ನೀಲಿಯ ತುಂಡೊಂದು ಕತ್ತರಿಸಿ
ಹಳೇ ಹೆಸರಿನ ಮೇಲೆ ಹೊದಿಸಿದೆ.
ಕಾವು ಮೂವತ್ತು ಇಳಿಸಿದೆ. ಒತ್ತು ಸಡಿಲಿಸಿದೆ.
ಹದಿನೈದರ ಬದಲು ನಾಲ್ಕೇ ಎಣಿಸಿದೆ.
ಎಂಟು ವರ್ಷದಲ್ಲಿ ಬೇಕೆಂದೇ ಹದಗೆಡಿಸಿದ ಕೆಲಸ
ಇದೊಂದೇ.
ಬೇಕಾದ ದಿನ ಉಗುರು ಸಾಕು.
ಯಾರ ಮುಂದೆ ಕೀಳಬೇಕೋ, ಅವರು ಕಣ್ಣೆತ್ತಿ ನೋಡುವರೋ,
ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

'ಆರುವ ತನಕ ಮುಟ್ಟಬೇಡ' ಎಂದೆ.
ಆಗಲೇ ಮಡಚಿ ಕಂಕುಳಲ್ಲಿಟ್ಟಿದ್ದ.

ಉಸ್ತಾದ್ ಬಂದು ಎಣಿಸಿದ. ಮೂವತ್ತೇಳು.
'ಇನ್ನೊಂದು?'
'ಬಿಸಿಯಿದ್ದಾಗಲೇ ಹೋಯಿತು.'